ವಿಶ್ವವಿದ್ಯಾಲಯದ ಅರ್ಜಿ: ಫಸ್ಟ್ ಪಿಯುನಲ್ಲೇ ಯಾಕೆ ಶುರು ಮಾಡಬೇಕು?

ಸೆಕೆಂಡ್ ಪಿಯು ರಿಸಲ್ಟ್ ಬಂದ ವಾರ ಬಳ್ಳಾರಿ, ರಾಯಚೂರು, ಕೊಪ್ಪಳದ ಸೈಬರ್ ಸೆಂಟರ್‌ಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಅಲ್ಲಿ ಕೇಳಿಬರುವ ಪ್ರಶ್ನೆಗಳೂ ಪ್ರತಿ ವರ್ಷ ಅವೇ. ಸೆಂಟ್ರಲ್ ಯೂನಿವರ್ಸಿಟಿಗೆ ಈಗ ಅರ್ಜಿ ಹಾಕಬಹುದಾ? ನಮ್ಮ ಭಾಗದ ಮೀಸಲಾತಿಯ 371ಜೆ ಸರ್ಟಿಫಿಕೇಟ್ ನಾಳೆಯೊಳಗೆ ಸಿಗುತ್ತಾ? ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು, ನಡೆಯುತ್ತಾ? ಬಹುಪಾಲು ಉತ್ತರ "ಇಲ್ಲ" ಎಂದೇ ಇರುತ್ತದೆ.

ಕಾರಣ ಸರಳ. ರಿಸಲ್ಟ್ ಏಪ್ರಿಲ್ ಹೊತ್ತಿಗೆ ಬರುತ್ತದೆ. ರಾಜ್ಯದ ಸಿಇಟಿ, ಮೆಡಿಕಲ್‌ನ ನೀಟ್, ಎಂಜಿನಿಯರಿಂಗ್‌ನ ಜೆಇಇ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ, ಈ ಪ್ರವೇಶ ಪರೀಕ್ಷೆಗಳ ಅರ್ಜಿಗಳು ಅದಕ್ಕೂ ಮೊದಲೇ ತೆರೆದು ಮುಚ್ಚಿರುತ್ತವೆ. ನಮ್ಮಲ್ಲಿ ರೂಢಿ ಮಾತ್ರ ಇನ್ನೂ ಹಳೆಯದು: ಮೊದಲು ಮಾರ್ಕ್ಸ್ ಬರಲಿ, ಆಮೇಲೆ ನೋಡೋಣ. ಊರ ಡಿಗ್ರಿ ಕಾಲೇಜಿಗೆ ಸೇರುವವರಿಗೆ ಈ ರೂಢಿಯಿಂದ ತೊಂದರೆ ಇಲ್ಲ. ಉಳಿದ ಎಲ್ಲರಿಗೂ ಇದೆ.

ಈಗ ಹತ್ತನೇ ತರಗತಿ ಮುಗಿಸಿ ಫಸ್ಟ್ ಪಿಯು ಸೇರುತ್ತಿರುವ ಮಕ್ಕಳು ಮತ್ತು ಅವರ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ.

ಅರ್ಜಿ ನೋಡುವವರು ಏನು ನೋಡುತ್ತಾರೆ?

ರಾಯಚೂರು ಎಪಿಎಂಸಿಗೆ ಹತ್ತಿ ತಂದ ರೈತನಿಗೆ ಇದು ಚೆನ್ನಾಗಿ ಗೊತ್ತು. ಸರಕು ಒಂದೇ. ಒಬ್ಬ ಖರೀದಿದಾರ ತೂಕ ನೋಡುತ್ತಾನೆ, ಇನ್ನೊಬ್ಬ ಎಳೆ ಎಷ್ಟು ಉದ್ದ ಎಂದು ನೋಡುತ್ತಾನೆ, ಮತ್ತೊಬ್ಬ ತೇವ ಎಷ್ಟಿದೆ ಎಂದು ಕೈ ಹಾಕಿ ನೋಡುತ್ತಾನೆ. ವಿಶ್ವವಿದ್ಯಾಲಯಗಳೂ ಹಾಗೆಯೇ, ಒಬ್ಬೊಬ್ಬರ ಅಳತೆ ಬೇರೆ.

ಮೊದಲನೆಯ ಬಗೆಯವರು ಪಿಯು ಅಂಕ ನೋಡುತ್ತಾರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರಿನ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ, ಕೊಪ್ಪಳ ವಿಶ್ವವಿದ್ಯಾಲಯ, ಇವುಗಳ ಕೆಳಗಿನ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು ಈ ಬಗೆಯವು. ಅರ್ಜಿ ಯುಯುಸಿಎಂಎಸ್ ಎಂಬ ಸರ್ಕಾರಿ ಜಾಲತಾಣದಲ್ಲಿ. ರಿಸಲ್ಟ್ ಬಂದ ಮೇಲೆ ಹಾಕಿದರೂ ಸಾಕು. ಇದರ ಬಗ್ಗೆ ಇಷ್ಟೇ.

ಎರಡನೆಯವರು ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡುತ್ತಾರೆ. ಎಂಜಿನಿಯರಿಂಗ್, ಮೆಡಿಕಲ್, ಕೃಷಿ, ಕಾನೂನು, ಕೇಂದ್ರೀಯ ವಿಶ್ವವಿದ್ಯಾಲಯ ಎಲ್ಲ ಇದರಲ್ಲಿ ಬರುತ್ತವೆ. ಇಲ್ಲಿ ರ‍್ಯಾಂಕ್ ಜೊತೆಗೆ ಕಾಗದಪತ್ರವೂ ಅಷ್ಟೇ ಮುಖ್ಯ.

ಮೂರನೆಯವರು ಅಂಕದ ಜೊತೆಗೆ ವಿದ್ಯಾರ್ಥಿ ಯಾರು, ಏನು ಮಾಡಿದ್ದಾನೆ, ಹೇಗೆ ಯೋಚಿಸುತ್ತಾನೆ ಎಂದು ಕೇಳುತ್ತಾರೆ. ಪ್ರಬಂಧ ಬರೆಸುತ್ತಾರೆ, ಉಪನ್ಯಾಸಕರಿಂದ ಪತ್ರ ತರಿಸುತ್ತಾರೆ, ಸಂದರ್ಶನ ಮಾಡುತ್ತಾರೆ. ವಿದೇಶದ ಹಲವು ವಿಶ್ವವಿದ್ಯಾಲಯಗಳು, ನಮ್ಮಲ್ಲಿ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಈ ಬಗೆಯವು.

ಒಬ್ಬ ವಿದ್ಯಾರ್ಥಿ ಮೂರೂ ಕಡೆ ಪ್ರಯತ್ನಿಸಬಹುದು. ಆದರೆ ಒಂದು ಕಡೆಗೆ ಮಾಡಿದ ತಯಾರಿ ಇನ್ನೊಂದು ಕಡೆ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಪಿಯು ಅಂಕಕ್ಕೆ ಎಲ್ಲಿ ಎಷ್ಟು ಬೆಲೆ?

"ಸಿಇಟಿ ಇದೆಯಲ್ಲ, ಪಿಯು ಪಾಸಾದರೆ ಸಾಕು" ಎನ್ನುವವರು ಬಹಳ. ಎಂಜಿನಿಯರಿಂಗ್ ಮಟ್ಟಿಗೆ ಈ ಮಾತು ತಪ್ಪು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ ಕೊಡುತ್ತದೆ. ಇನ್ನರ್ಧ ಸಿಇಟಿ ಅಂಕಕ್ಕೆ.

ಲೆಕ್ಕ ಹಾಕಿ ನೋಡಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಮೂರು ವಿಷಯಕ್ಕೆ 180. ಒಬ್ಬಳಿಗೆ ಪಿಯುನಲ್ಲಿ 300ಕ್ಕೆ 270 ಬಂದಿದೆ, ಅಂದರೆ ಶೇ 90. ಸಿಇಟಿಯಲ್ಲಿ 90 ಬಂದಿದೆ, ಅಂದರೆ ಶೇ 50. ಎರಡರ ಸರಾಸರಿ 70. ಇನ್ನೊಬ್ಬನಿಗೆ ಪಿಯುನಲ್ಲಿ 240, ಅಂದರೆ ಶೇ 80. ಅವನೂ 70 ಮುಟ್ಟಬೇಕಾದರೆ ಸಿಇಟಿಯಲ್ಲಿ 108 ತೆಗೆಯಬೇಕು. ಪಿಯುನಲ್ಲಿ ಕಳೆದುಕೊಂಡ 30 ಅಂಕಕ್ಕೆ ಸಿಇಟಿಯಲ್ಲಿ 18 ಪ್ರಶ್ನೆ ಜಾಸ್ತಿ ಸರಿ ಮಾಡಬೇಕು. ಕೋಚಿಂಗ್‌ಗೆ ಹೋದವರಿಗೂ ಅದು ಸಣ್ಣ ಮಾತಲ್ಲ. ಪಿಯು ಪ್ರಶ್ನೆಗಳು ಪಠ್ಯಪುಸ್ತಕದೊಳಗಿನವು, ಪ್ರಾಕ್ಟಿಕಲ್ ಅಂಕವೂ ಸೇರುತ್ತದೆ. ಅಲ್ಲಿ ಅಂಕ ಕೂಡಿಸುವುದು ಹೆಚ್ಚು ಸುಲಭ ಅಲ್ವಾ?

2024ರಿಂದ ಸೆಕೆಂಡ್ ಪಿಯುಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಅಂಕ ಕಡಿಮೆ ಅನಿಸಿದರೆ ಮತ್ತೆ ಬರೆಯಬಹುದು, ಜಾಸ್ತಿ ಬಂದ ಅಂಕ ಉಳಿಯುತ್ತದೆ.

ನೀಟ್ ಲೆಕ್ಕ ಬೇರೆ. ಅಲ್ಲಿ 180 ಪ್ರಶ್ನೆ, 720 ಅಂಕ. ರ‍್ಯಾಂಕ್‌ಗೆ ಪಿಯು ಅಂಕ ಸೇರುವುದೇ ಇಲ್ಲ. ಸಾಮಾನ್ಯ ವರ್ಗಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಒಟ್ಟು ಶೇ 50, ಎಸ್‌ಸಿ, ಎಸ್‌ಟಿ, ಒಬಿಸಿಗೆ ಶೇ 40 ಇದ್ದರೆ ಅರ್ಹತೆ ಸಿಗುತ್ತದೆ. ಜೆಇಇ ಮೇನ್ ಮೂಲಕ ರಾಷ್ಟ್ರೀಯ ಮಟ್ಟದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿ, ಐಐಐಟಿ ಸೇರಬೇಕಾದರೆ ಹನ್ನೆರಡನೇ ತರಗತಿಯಲ್ಲಿ ಶೇ 75 ಬೇಕು. ಇಲ್ಲದಿದ್ದರೆ ತಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಇರಬೇಕು. ಎಸ್‌ಸಿ, ಎಸ್‌ಟಿಗೆ ಶೇ 75ರ ಬದಲು 65. ರ‍್ಯಾಂಕ್ ಚೆನ್ನಾಗಿ ಬಂದೂ ಪಿಯು ಅಂಕ ಸಾಲದೆ ಸೀಟು ಬಿಟ್ಟವರು ಪ್ರತಿ ವರ್ಷ ಇರುತ್ತಾರೆ.

ಇನ್ನೊಂದು ವ್ಯತ್ಯಾಸ ಗಮನಿಸಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ನೀಟ್, ಜೆಇಇ, ಸಿಯುಇಟಿಯಲ್ಲಿ ಕಳೆಯುತ್ತಾರೆ. ಸಿಇಟಿ ಅಭ್ಯಾಸದಲ್ಲೇ ಅಲ್ಲಿಯೂ ಎಲ್ಲದಕ್ಕೂ ಊಹೆಯ ಮೇಲೆ ಗುಂಡು ಹೊಡೆದರೆ ನಷ್ಟ.

371ಜೆ: ನಮ್ಮ ಭಾಗದ ಮಕ್ಕಳ ಕೈಯಲ್ಲಿರುವ ಕಾಗದ

ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371ಜೆ ಎಂಬ ವಿಧಿ ಸೇರಿತು. 2013ರಿಂದ ಅದು ಜಾರಿಯಲ್ಲಿದೆ. ಹಿಂದೆ ಹೈದರಾಬಾದ್ ಕರ್ನಾಟಕ, 2019ರಿಂದ ಕಲ್ಯಾಣ ಕರ್ನಾಟಕ ಎಂದು ಕರೆಯುವ ಭಾಗಕ್ಕೆ ಶಿಕ್ಷಣ ಮತ್ತು ಸರ್ಕಾರಿ ಕೆಲಸದಲ್ಲಿ ಅದು ವಿಶೇಷ ಪಾಲು ಕೊಡುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಬಳ್ಳಾರಿಯಿಂದ 2021ರಲ್ಲಿ ಬೇರೆಯಾದ ವಿಜಯನಗರ ಜಿಲ್ಲೆಗಳಿಗೆ ಇದು ಅನ್ವಯ. (ಬಳ್ಳಾರಿ 1800ರಲ್ಲೇ ನಿಜಾಮರ ಕೈಬಿಟ್ಟು ಬ್ರಿಟಿಷರಿಗೆ ಸೇರಿತ್ತು, ಆಮೇಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ "ನಾವು ಹೈದರಾಬಾದ್ ಅಲ್ಲವಲ್ಲ, ನಮಗೆ ಬರುತ್ತಾ?" ಎಂದು ಬಳ್ಳಾರಿ ಕಡೆಯವರು ಕೇಳುವುದಿದೆ. ಬರುತ್ತದೆ.)

ಇದರಿಂದ ಸಿಗುವುದೇನು? ಈ ಜಿಲ್ಲೆಗಳೊಳಗಿನ ಕಾಲೇಜುಗಳಲ್ಲಿ ಸರ್ಕಾರ ಹಂಚುವ ಸೀಟುಗಳ ಶೇ 70 ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ, ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಶೇ 8. ಜಾತಿವಾರು ಮೀಸಲಾತಿ ಇದರ ಒಳಗೂ ನಡೆಯುತ್ತದೆ. ಸಿಇಟಿ ಸೀಟು ಹಂಚಿಕೆಯ ಕಟ್ ಆಫ್ ಪಟ್ಟಿಯನ್ನು ಕೆಇಎ ಪ್ರಕಟಿಸುವಾಗ ಈ ಭಾಗದ ಪಟ್ಟಿ ಬೇರೆಯೇ ಇರುತ್ತದೆ. ಹಿಂದಿನ ವರ್ಷದ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ನಿಮಗೆ ಬೇಕಾದ ಕಾಲೇಜಿನ ಕೊನೆಯ ರ‍್ಯಾಂಕ್ ಎಷ್ಟಿತ್ತು ಎಂದು ನೋಡಿ. ಆ ಒಂದು ಕಾಗದಕ್ಕೆ ಎಷ್ಟು ಬೆಲೆ ಎನ್ನುವುದು ನೀವೇ ಲೆಕ್ಕ ಹಾಕಬಹುದು.

ಈ ಸರ್ಟಿಫಿಕೇಟ್‌ಗೆ ಸಹಿ ಹಾಕುವವರು ಉಪವಿಭಾಗಾಧಿಕಾರಿ. ಜನ ಹೇಳುವಂತೆ ಎಸಿ ಸಾಹೇಬರು. ತಹಶೀಲ್ದಾರ್ ಕೊಡುವ ಜಾತಿ, ಆದಾಯ ಪತ್ರದ ಹಾಗೆ ಇದು ಬೇಗ ಆಗುವುದಿಲ್ಲ. ಹುಟ್ಟಿದ ಊರು, ಎಷ್ಟು ವರ್ಷದಿಂದ ವಾಸ, ತಂದೆ ತಾಯಿ ಎಲ್ಲಿಯವರು, ಇದಕ್ಕೆಲ್ಲ ದಾಖಲೆ ಬೇಕು. ಕೆಳಗಿನವರು ಪರಿಶೀಲಿಸಿ ಮೇಲಕ್ಕೆ ಕಳಿಸಬೇಕು. ಗುಳೆ ಹೋಗಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಹತ್ತಾರು ವರ್ಷ ದುಡಿದು ಬಂದ ಮನೆಗಳಲ್ಲಿ, ಮಗು ಒಂದನೇ ತರಗತಿ ಒಂದೂರು, ನಾಲ್ಕನೇ ತರಗತಿ ಇನ್ನೊಂದೂರು ಓದಿರುತ್ತದೆ. ಅಂಥವರು ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಕೂಡಿಸುವುದಕ್ಕೇ ಎಷ್ಟೋ ದಿನ ಬೇಕು. ಸಿಇಟಿ ಅರ್ಜಿ ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಆಗ ಎಸಿ ಕಚೇರಿ ಮುಂದೆ ಎಷ್ಟು ಜನ ಇರುತ್ತಾರೆಂದು ಹೇಳಬೇಕಿಲ್ಲ. ಫಸ್ಟ್ ಪಿಯು ಮುಗಿದ ಬೇಸಿಗೆ ರಜೆಯೇ ಇದಕ್ಕೆ ಸರಿಯಾದ ಹೊತ್ತು.

ನಮ್ಮ ಭಾಗದಿಂದ ಪಿಯು ಓದಲು ಮಂಗಳೂರು, ಮೂಡುಬಿದಿರೆ ಕಡೆ ಹೋಗುವ ಮಕ್ಕಳು ಬಹಳ. ಅವರ 371ಜೆ ಹಕ್ಕು ಪಿಯು ಓದಿದ ಊರಿನಿಂದ ಹೋಗುವುದಿಲ್ಲ. ಅದು ನಿಂತಿರುವುದು ನಿಮ್ಮ ಮೂಲದ ಮೇಲೆ, ವಾಸದ ಮೇಲೆ.

ಗ್ರಾಮೀಣ, ಕನ್ನಡ ಮಾಧ್ಯಮ, ಮತ್ತು ಒಂದು ಫೋನ್ ನಂಬರ್

ಸಿಇಟಿಯಲ್ಲಿ ಇನ್ನೆರಡು ಪಾಲುಗಳಿವೆ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹಳ್ಳಿಯಲ್ಲಿ ಓದಿದವರಿಗೆ ಶೇ 15. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಹತ್ತು ವರ್ಷ ಎಂದರೆ ಹತ್ತೂ ವರ್ಷ. ಎಂಟನೇ ತರಗತಿಗೆ ಸಿಂಧನೂರೋ ಗಂಗಾವತಿಯೋ ಪಟ್ಟಣದ ಹೈಸ್ಕೂಲಿಗೆ ಸೇರಿದ್ದರೆ ಗ್ರಾಮೀಣ ಪಾಲು ಸಿಗುವುದಿಲ್ಲ. ಈ ಪತ್ರಗಳಿಗೆ ಶಾಲೆಯ ಮುಖ್ಯ ಶಿಕ್ಷಕರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಸಹಿಯೂ ಬೇಕು.

ಜಾತಿ, ಆದಾಯ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಅದನ್ನು ಹಾಕಿದರೆ ಕಂಪ್ಯೂಟರೇ ನಾಡಕಚೇರಿಯ ದಾಖಲೆ ಜೊತೆ ತಾಳೆ ನೋಡುತ್ತದೆ. ಹೆಸರು ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರನ್ನೇ ಬುಡ ಎಂದು ಇಟ್ಟುಕೊಳ್ಳಿ. ಅದರಲ್ಲಿ ಅಕ್ಷರ ಹೇಗಿದೆಯೋ ಆಧಾರ್, ಜಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹಾಗೇ ಇರಲಿ. ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್ ಇರುವುದು ನಮ್ಮಲ್ಲಿ ಮಾಮೂಲು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಸಲ ಅವಕಾಶ. ಒಮ್ಮೆ ಬಳಸುವ ಮುಂಚೆ ಅಕ್ಷರ ಅಕ್ಷರ ನೋಡಿಕೊಳ್ಳಿ.

ಈಗ ಫೋನ್ ನಂಬರಿನ ವಿಷಯ. ಇದು ಸಣ್ಣದು ಅನಿಸುತ್ತದೆ. ಆದರೆ ಸೀಟು ಕಳೆಯುವಷ್ಟು ದೊಡ್ಡದು. ಅರ್ಜಿ ಹಾಕಿಕೊಡುವ ಸೈಬರ್ ಅಣ್ಣ ಬೇಗ ಮುಗಿಯಲಿ ಎಂದು ತನ್ನದೇ ನಂಬರ್ ಹಾಕುತ್ತಾನೆ. ಇಮೇಲ್ ಅಲ್ಲೇ ಒಂದು ತೆರೆಯುತ್ತಾನೆ, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಸೀಟು ಹಂಚುವ ಕೌನ್ಸೆಲಿಂಗ್ ಹೊತ್ತಿಗೆ ಒಟಿಪಿ ಹೋಗುವುದು ಅವನ ಫೋನಿಗೆ, ಅವನು ಊರಲ್ಲಿ ಇರುವುದಿಲ್ಲ. ಕೆಟ್ಟ ಉದ್ದೇಶ ಯಾರದ್ದೂ ಅಲ್ಲ. ಆದರೂ ಸುಮ್ನೆ ಯಾಕೆ ಆ ತೊಂದರೆ? ಫಸ್ಟ್ ಪಿಯುನಲ್ಲೇ ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ಇಮೇಲ್ ತೆರೆಯಿರಿ. ಪಾಸ್‌ವರ್ಡ್ ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋನ್ ಅಮ್ಮನದ್ದೋ ಅಪ್ಪನದ್ದೋ ಇರಲಿ, ಎರಡು ವರ್ಷ ಸಿಮ್ ಬದಲಿಸಬೇಡಿ.

ಕೇಂದ್ರದ ಸಂಸ್ಥೆಗಳಲ್ಲಿ ನಿಯಮ ಬೇರೆ

ರಾಯಚೂರಿನಲ್ಲೇ ಐಐಐಟಿ ಇದೆ, 2019ರಲ್ಲಿ ಶುರುವಾಯಿತು. ಹಾಗಾದರೆ ರಾಯಚೂರಿನ ಮಕ್ಕಳಿಗೆ ಅಲ್ಲಿ ಸ್ಥಳೀಯ ಪಾಲು ಇದೆಯಾ? ಇಲ್ಲ. ಐಐಐಟಿ ಸೀಟುಗಳು ಇಡೀ ದೇಶಕ್ಕೆ ಒಂದೇ ಪಟ್ಟಿ, ಜೆಇಇ ಮೇನ್ ರ‍್ಯಾಂಕ್ ಮೇಲೆ ಹಂಚಿಕೆ. 371ಜೆ ಅಲ್ಲಿ ನಡೆಯುವುದಿಲ್ಲ.

ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಮೀಸಲು. ಆದರೆ "ಕರ್ನಾಟಕದವರು" ಎಂದು ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರಿ ಎನ್ನುವುದನ್ನು. ಮನೆ ಎಲ್ಲಿದೆ ಎಂದಲ್ಲ. ಗಡಿಯಲ್ಲಿರುವ ನಮಗೆ ಇದು ಮುಖ್ಯ. ಬಳ್ಳಾರಿ, ರಾಯಚೂರಿನ ಎಷ್ಟೋ ಮಕ್ಕಳು ಹೈದರಾಬಾದ್, ಕರ್ನೂಲು, ಅನಂತಪುರದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಾರೆ. ಅವರು ಸುರತ್ಕಲ್‌ನ ಆ ಅರ್ಧದಿಂದ ಹೊರಗೆ ಬೀಳುತ್ತಾರೆ. ಕಾಲೇಜು ಆರಿಸುವ ಮೊದಲೇ ಇದು ಗೊತ್ತಿರಬೇಕು, ಆಮೇಲೆ ತಿದ್ದಲು ಬರುವುದಿಲ್ಲ.

ಜಾತಿ ಪತ್ರದಲ್ಲೂ ಎರಡು ಬಗೆ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಎಂಬ ಪತ್ರ ಸಿಇಟಿಗೆ ಸರಿ. ಜೆಇಇ, ಸಿಯುಇಟಿ, ನೀಟ್‌ನ ಅಖಿಲ ಭಾರತ ಸೀಟುಗಳಿಗೆ ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು. ಅದು ಆಯಾ ಹಣಕಾಸು ವರ್ಷದ್ದಾಗಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಿ ಕೊನೆಗೆ ಪತ್ರ ಸಿಗದೆ ಪೇಚಾಡುವ ಮೊದಲು ಕೇಂದ್ರದ ಪಟ್ಟಿಯನ್ನೊಮ್ಮೆ ನೋಡಿ.

ಬಿಎ, ಬಿಎಸ್ಸಿ ಓದುವವರಿಗೆ ಸಿಯುಇಟಿ ಎಂಬ ಬಾಗಿಲು 2022ರಿಂದ ತೆರೆದಿದೆ. ನಮ್ಮ ಭಾಗದಲ್ಲಿ ಇದರ ಮಾತು ಕೇಳುವುದು ಕಡಿಮೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ರಾಯಚೂರಿನಿಂದ ರೈಲಿನಲ್ಲಿ ಹೋಗಿಬರಬಹುದಾದ ಹೈದರಾಬಾದ್ ವಿಶ್ವವಿದ್ಯಾಲಯದ ಐದು ವರ್ಷದ ಕೋರ್ಸ್‌ಗಳು, ದೆಹಲಿ, ಬನಾರಸ್ ಎಲ್ಲದಕ್ಕೂ ಇದೇ ಪರೀಕ್ಷೆ. 2025ರ ಮಾದರಿಯಲ್ಲಿ ಒಂದು ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಐದು ವಿಷಯದವರೆಗೆ ಬರೆಯಬಹುದು. ಯಾವ ಕೋರ್ಸ್‌ಗೆ ಯಾವ ವಿಷಯ ಬೇಕೆಂದು ಪ್ರತಿ ವಿಶ್ವವಿದ್ಯಾಲಯ ಬೇರೆ ಬೇರೆ ಹೇಳುತ್ತದೆ. ಅದನ್ನು ಓದದೆ ವಿಷಯ ಆರಿಸಿದರೆ, ಅಂಕ ಬಂದರೂ ಕೋರ್ಸ್ ಸಿಗುವುದಿಲ್ಲ.

ಕನ್ನಡ ಮಾಧ್ಯಮದವರು ಹೆದರುವ ಅಗತ್ಯವಿಲ್ಲ. ನೀಟ್, ಜೆಇಇ ಮೇನ್, ಸಿಯುಇಟಿ ಮೂರನ್ನೂ ಕನ್ನಡದಲ್ಲಿ ಬರೆಯಬಹುದು. ಅರ್ಜಿ ಹಾಕುವಾಗಲೇ ಭಾಷೆ ಆರಿಸಬೇಕು.

ಅಂಕ ನೋಡಿ, ಆಮೇಲೆ ಮನುಷ್ಯನನ್ನೂ ನೋಡುವ ಕಡೆ

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನ ಇರುತ್ತದೆ. ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತಾರೆ. ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಪ್ರಬಂಧವನ್ನೂ ಕೇಳುತ್ತದೆ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ಇದೆ. ಬ್ರಿಟನ್‌ಗೆ ಯುಕಾಸ್ ಇದೆ, ಅದರಲ್ಲಿ ಐದು ಕಡೆ ಅರ್ಜಿ ಹಾಕಬಹುದು.

ಇಲ್ಲಿ ನಮ್ಮ ಮಕ್ಕಳು ಹಿಂದೆ ಸರಿಯುವುದು ಎರಡು ಪ್ರಶ್ನೆಗಳ ಮುಂದೆ. ಓದಿನ ಹೊರಗೆ ಏನು ಮಾಡಿದ್ದೀರಿ? ನಿಮ್ಮ ಬಗ್ಗೆ ಬರೆಯಿರಿ.

ಮೊದಲನೆಯದಕ್ಕೆ ಬರುವ ಉತ್ತರ: "ನಾನು ಈಜು, ಪಿಯಾನೋ, ಡಿಬೇಟ್ ಏನೂ ಮಾಡಿಲ್ಲ." ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆ ಬರೆಯಲು 10 ಜಾಗ ಇವೆ. ಆರಿಸಬೇಕಾದ ಬಗೆಗಳ ಪಟ್ಟಿಯಲ್ಲಿ "ಕುಟುಂಬದ ಜವಾಬ್ದಾರಿ" ಮತ್ತು "ಸಂಬಳದ ಕೆಲಸ" ಎರಡೂ ಇವೆ. ತಮ್ಮನನ್ನು ನೋಡಿಕೊಂಡದ್ದು, ರಜೆಯಲ್ಲಿ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿದದ್ದು, ಹತ್ತಿ ಬಿಡಿಸಲು ಹೋದದ್ದು, ಕಿನ್ನಾಳದ ಮನೆಯಲ್ಲಿ ಗೊಂಬೆಗೆ ಬಣ್ಣ ಹಚ್ಚಿದ್ದು ಎಲ್ಲ ಲೆಕ್ಕಕ್ಕೆ ಬರುತ್ತವೆ. ನಾಚಿಕೆಯಿಂದ ಇವನ್ನು ಬಿಟ್ಟು ಇಲ್ಲದ ಎನ್‌ಜಿಒ ಕೆಲಸ ಸೃಷ್ಟಿಸುವುದು ದೊಡ್ಡ ನಷ್ಟ.

ಒಂದೊಂದು ಚಟುವಟಿಕೆಗೆ ಸಿಗುವುದು 150 ಅಕ್ಷರ ಮಾತ್ರ. "ಅಪ್ಪನಿಗೆ ಹೊಲದ ಕೆಲಸದಲ್ಲಿ ಸಹಾಯ ಮಾಡಿದೆ" ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. "ನಾಲ್ಕು ಎಕರೆ ಮೆಣಸಿನಕಾಯಿ; ಎರಡು ಹಂಗಾಮು ಕೂಲಿ ಲೆಕ್ಕ ಬರೆದೆ; ದಿನಾ ದರ ಗುರುತಿಟ್ಟು ಯಾವಾಗ ಮಾರಬೇಕೆಂದು ಮನೆಯಲ್ಲಿ ಹೇಳಿದೆ" ಎಂದರೆ ಒಬ್ಬ ಹುಡುಗಿ ಕಣ್ಣಿಗೆ ಬರುತ್ತಾಳೆ. ಎಷ್ಟು, ಎಷ್ಟು ದಿನ, ನೀವು ಮಾಡಿದ್ದೇನು, ಏನಾಯಿತು. ಈ ಲೆಕ್ಕ ಎರಡು ವರ್ಷದ ನಂತರ ನೆನಪಿರುವುದಿಲ್ಲ, ಆಗಾಗ ಬರೆದಿಡಬೇಕು.

ಪ್ರಬಂಧ ಇನ್ನೂ ಕಷ್ಟ. ಕಾಮನ್ ಆ್ಯಪ್‌ನಲ್ಲಿ 650 ಪದ ಮೀರಬಾರದು. ಶಾಲೆಯಲ್ಲಿ ನಾವು ಕಲಿತ ಪ್ರಬಂಧ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಇರುತ್ತದೆ. ವಿಷಯ "ಪರಿಸರ ಸಂರಕ್ಷಣೆ". ಅದೇ ಅಭ್ಯಾಸದಲ್ಲಿ ಮಕ್ಕಳು ಹಂಪಿಯ ವೈಭವದ ಬಗ್ಗೆ ಬರೆಯುತ್ತಾರೆ, ದೇಶಸೇವೆಯ ಬಗ್ಗೆ ಬರೆಯುತ್ತಾರೆ, ಬಡತನದ ಬಗ್ಗೆ ಬರೆಯುತ್ತಾರೆ. ಓದಿದವರಿಗೆ ಹಂಪಿ ಗೊತ್ತಾಗುತ್ತದೆ, ಬರೆದವನು ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ಆ ವಾರ ನಿದ್ದೆ ಇರಲಿಲ್ಲ. ಮುನಿರಾಬಾದ್ ಕಡೆಯ ವಿದ್ಯಾರ್ಥಿಯೊಬ್ಬ ಇದರ ಬಗ್ಗೆ ಬರೆಯುತ್ತಾನೆ ಎಂದುಕೊಳ್ಳಿ. "ತುಂಗಭದ್ರೆ ನಮ್ಮ ಜೀವನಾಡಿ" ಎಂದು ಶುರು ಮಾಡಿದರೆ ಅದು ಪತ್ರಿಕೆಯ ವರದಿ. ಆ ರಾತ್ರಿ ಮನೆಯಲ್ಲಿ ಯಾರು ಏನೆಂದರು? ನೀರೆಲ್ಲ ಹೋದರೆ ಭತ್ತದ ಗತಿಯೇನು ಎಂದು ದೊಡ್ಡಪ್ಪ ಲೆಕ್ಕ ಹಾಕುವಾಗ ಇವನ ತಲೆಯಲ್ಲಿ ಬಂದ ಪ್ರಶ್ನೆ ಏನು? ಒಂದು ಚೈನ್ ಅಷ್ಟು ಭಾರ ಹೇಗೆ ಹೊರುತ್ತದೆ ಎಂದು ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿದನಾ? ಹರಿಯುವ ನೀರಿನ ನಡುವೆಯೇ ಅಲ್ಲಿ ತಾತ್ಕಾಲಿಕ ಗೇಟು ಇಳಿಸಿದ್ದು ಹೇಗೆ ಎಂದು ಹುಡುಕಿ ಓದಿದನಾ? ಹಾಗೆ ಹುಡುಕಿದ್ದರೆ, ಅದೇ ಪ್ರಬಂಧ. ಏನೂ ಕೇಳಿರದಿದ್ದರೆ, ಘಟನೆ ಎಷ್ಟೇ ದೊಡ್ಡದಾದರೂ ಅವನು ಬರೆಯಬೇಕಾದ್ದು ಬೇರೆ ವಿಷಯ.

ಇಂಗ್ಲಿಷ್ ತಡವರಿಸುವವರು ಮೊದಲು ಕನ್ನಡದಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಲಿ. ಹೇಳಬೇಕಾದ್ದು ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತರುವುದು ಎರಡನೇ ಕೆಲಸ, ಅಲ್ಲಿ ವ್ಯಾಕರಣ ತಿದ್ದಲು ಯಾರ ಸಹಾಯ ಪಡೆದರೂ ತಪ್ಪಿಲ್ಲ. ಪೂರ್ತಿ ಬೇರೆಯವರ ಕೈಯಲ್ಲಿ, ಅಥವಾ ಚಾಟ್‌ಜಿಪಿಟಿಯಲ್ಲಿ ಬರೆಸುವುದು ಬೇರೆ ಮಾತು. ಕಾಮನ್ ಆ್ಯಪ್ ಅದನ್ನು ವಂಚನೆ ಎಂದೇ ಪರಿಗಣಿಸುತ್ತದೆ.

ಉಪನ್ಯಾಸಕರ ಪತ್ರ, ನಾಲ್ಕು ವರ್ಷದ ಅಂಕ

ಶಿಫಾರಸು ಪತ್ರ ಎಂದರೆ ನಮ್ಮಲ್ಲಿ ಶಾಸಕರ ಲೆಟರ್‌ಹೆಡ್ ನೆನಪಾಗುತ್ತದೆ. ಇಲ್ಲಿ ಅದರಿಂದ ಉಪಯೋಗವಿಲ್ಲ. ನಿಮಗೆ ಪಾಠ ಮಾಡಿದವರು, ನಿಮ್ಮ ಬಗ್ಗೆ ಗೊತ್ತಿರುವುದನ್ನು ಬರೆಯಬೇಕು. ಒಂದೊಂದು ತರಗತಿಯಲ್ಲಿ ಎಂಬತ್ತು ಮಕ್ಕಳಿರುವ ಪಿಯು ಕಾಲೇಜಿನಲ್ಲಿ ಉಪನ್ಯಾಸಕರಿಗೆ ನಿಮ್ಮ ಹೆಸರೇ ನೆನಪಿರದಿರಬಹುದು. ಅದಕ್ಕೆ ಒಂದು ತಿಂಗಳು ಮೊದಲೇ ಕೇಳಿ. ಜೊತೆಗೆ ಒಂದು ಹಾಳೆ ಕೊಡಿ: ಅವರ ತರಗತಿಯಲ್ಲಿ ನೀವು ಕೇಳಿದ ಪ್ರಶ್ನೆ, ಮಾಡಿದ ಪ್ರಾಜೆಕ್ಟ್, ಮುಂದೆ ಓದಬೇಕೆಂದಿರುವುದು. "ಸರ್, ನೀವು ಹೇಗೆ ಬರೆದರೂ ಸರಿ, ನೆನಪಿಗೆ ಇದು" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷದ ಅಂಕ ಕೇಳುತ್ತವೆ. ಒಂಬತ್ತನೇ ತರಗತಿಯ ಅಂಕಪಟ್ಟಿ ಹೈಸ್ಕೂಲಿನಲ್ಲಿರುತ್ತದೆ, ಈಗಲೇ ದೃಢೀಕರಿಸಿ ತಂದಿಟ್ಟುಕೊಳ್ಳಿ. ಸೆಕೆಂಡ್ ಪಿಯು ಅಂಕ ಅರ್ಜಿ ಹೊತ್ತಿಗೆ ಬಂದಿರುವುದಿಲ್ಲ. ಹಾಗಾಗಿ ಇಷ್ಟು ಬರಬಹುದು ಎಂಬ ಅಂದಾಜು ಕೇಳುತ್ತಾರೆ. ನಮ್ಮ ಪಿಯು ಕಾಲೇಜುಗಳಿಗೆ ಅದು ರೂಢಿ ಇಲ್ಲ. ಮಧ್ಯವಾರ್ಷಿಕ ಪರೀಕ್ಷೆಯ ಅಂಕ ತೋರಿಸಿ, ಪ್ರಾಂಶುಪಾಲರಿಗೆ ವಿವರಿಸಿ, ಪತ್ರ ಮಾಡಿಸಬೇಕು.

ಹಣ ಎಲ್ಲಿಂದ?

ರಾಜ್ಯದೊಳಗೆ ಓದುವವರಿಗೆ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಜಾಲತಾಣ ಇದೆ. ವಿದ್ಯಾಸಿರಿ ಮೊದಲಾದ ನೆರವು ಅಲ್ಲಿಂದಲೇ. ಹತ್ತನೇ ತರಗತಿ ಮತ್ತು ಪಿಯು ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿ ಮುಂದೆ ಓದುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ ₹30,000 ಕೊಡುತ್ತದೆ.

ವಿದೇಶದ ವಿಷಯದಲ್ಲಿ ಸ್ವಲ್ಪ ಎಚ್ಚರ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ, ಪಿಯು ಮುಗಿಸಿ ಹೋಗುವವರಿಗೆ ಅಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಬೆರಳೆಣಿಕೆಯ ಕಡೆ ವಿದೇಶಿ ವಿದ್ಯಾರ್ಥಿಯ ಮನೆಯ ಆದಾಯ ನೋಡದೆ ಆಯ್ಕೆ ಮಾಡಿ, ಆಮೇಲೆ ಬೇಕಾದಷ್ಟು ನೆರವು ಕೊಡುತ್ತಾರೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಉಳಿದ ಕಡೆ ನೆರವು ಕೇಳಿದರೆ ಆಯ್ಕೆಯ ಸಾಧ್ಯತೆಯೇ ಕಡಿಮೆಯಾಗಬಹುದು. "ಸೀಟು ಗ್ಯಾರಂಟಿ, ಸ್ಕಾಲರ್‌ಶಿಪ್ ಗ್ಯಾರಂಟಿ" ಎನ್ನುವ ಏಜೆಂಟರ ಕೈಗೆ ಹೊಲ ಅಡವಿಟ್ಟ ದುಡ್ಡು ಕೊಡುವ ಮೊದಲು, ಆ ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ ಶುಲ್ಕದ ಪುಟ ತೆರೆದು ಓದಿ.

ಯಾವಾಗ ಏನು?

ಫಸ್ಟ್ ಪಿಯು ವರ್ಷದಲ್ಲಿ ಇಮೇಲ್, ಹೆಸರು ತಿದ್ದುಪಡಿ, ಚಟುವಟಿಕೆ ಬರೆದಿಡುವುದು. ಬೇಸಿಗೆ ರಜೆಯಲ್ಲಿ 371ಜೆ, ಗ್ರಾಮೀಣ, ಕನ್ನಡ ಮಾಧ್ಯಮ ಪತ್ರಗಳು. ಸೆಕೆಂಡ್ ಪಿಯು ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ತೆರೆಯುತ್ತದೆ. ಅಕ್ಟೋಬರ್ 15 ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಕೊನೆ ದಿನ. ಅದರ ಆಸುಪಾಸಿನಲ್ಲೇ ಜೆಇಇ ಜನವರಿ ಪರೀಕ್ಷೆಯ ಅರ್ಜಿ. ಕಾನೂನು ಓದುವವರಿಗೆ ಡಿಸೆಂಬರ್‌ನಲ್ಲಿ ಕ್ಲ್ಯಾಟ್ ಪರೀಕ್ಷೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಶೇ 25 ಸೀಟು ಕರ್ನಾಟಕದಲ್ಲಿ ಓದಿದವರಿಗೆ ಇದೆ. ಜನವರಿಯಿಂದ ಮಾರ್ಚ್ ನಡುವೆ ಸಿಇಟಿ, ನೀಟ್, ಸಿಯುಇಟಿ ಅರ್ಜಿಗಳು ಒಂದರ ಹಿಂದೆ ಒಂದು. ಅದೇ ಹೊತ್ತಿಗೆ ಪಿಯು ವಾರ್ಷಿಕ ಪರೀಕ್ಷೆ. ಕಾಗದ ಮೊದಲೇ ಕೈಯಲ್ಲಿದ್ದರೆ ಆ ಮೂರು ತಿಂಗಳು ಓದಿಗೆ ಉಳಿಯುತ್ತದೆ.

ಆಪ್ಷನ್ ಎಂಟ್ರಿ: ಅರ್ಜಿಯ ಕೊನೆಯ ಭಾಗ

ಸಿಇಟಿ ರ‍್ಯಾಂಕ್ ಬಂದ ಮೇಲೆ ಯಾವ ಕಾಲೇಜು, ಯಾವ ಕೋರ್ಸ್ ಬೇಕೆಂದು ಸಾಲಾಗಿ ಬರೆಯಬೇಕು. ಇದಕ್ಕೆ ಆಪ್ಷನ್ ಎಂಟ್ರಿ ಎನ್ನುತ್ತಾರೆ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ನಿಮ್ಮ ರ‍್ಯಾಂಕ್‌ಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಆಸೆಯ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದು ತಪ್ಪಿಹೋಗುತ್ತದೆ ಎಂಬ ಭಯ ಬೇಡ. ಸಿಗದಿದ್ದರೆ ಅದು ಕೆಳಕ್ಕೆ ಇಳಿಯುತ್ತದೆ, ಅಷ್ಟೇ. ಆದ್ದರಿಂದ ಬೇಕಾದ ಕ್ರಮದಲ್ಲೇ ಬರೆಯಿರಿ.

ಮೊದಲು ಅಣಕು ಹಂಚಿಕೆ ನಡೆಯುತ್ತದೆ, ಅದನ್ನು ನೋಡಿ ಪಟ್ಟಿ ಬದಲಿಸಬಹುದು. ನಿಜವಾದ ಹಂಚಿಕೆಯ ನಂತರ ನಾಲ್ಕು ಚಾಯ್ಸ್ ಕೇಳುತ್ತಾರೆ. ಒಂದು, ಸೀಟು ಒಪ್ಪಿ ಸೇರುವುದು. ಎರಡು, ಸೀಟು ಹಿಡಿದಿಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು, ಸಿಕ್ಕಿದ್ದು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಹೊರಗೆ ಬರುವುದು. ಮೂರನೆಯದನ್ನು ಒತ್ತಿದವರಿಗೆ ಮುಂದೆ ಏನೂ ಸಿಗದೆಯೂ ಹೋಗಬಹುದು, ಬಿಟ್ಟದ್ದು ವಾಪಸ್ ಬರುವುದಿಲ್ಲ. ಮುಂದಿನ ಸುತ್ತುಗಳಲ್ಲಿ ಪಟ್ಟಿಯ ಕ್ರಮ ಬದಲಿಸಬಹುದು, ಬೇಡವಾದದ್ದು ತೆಗೆಯಬಹುದು. ಹೊಸ ಕಾಲೇಜು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಮೊದಲ ಸಲವೇ ಪಟ್ಟಿ ಉದ್ದ ಇರಲಿ. ಬೆಂಗಳೂರು, ಹುಬ್ಬಳ್ಳಿಯ ಹೆಸರುಗಳ ಕೆಳಗೆ ಬಳ್ಳಾರಿ, ರಾಯಚೂರು, ಕಲಬುರಗಿಯ ಕಾಲೇಜುಗಳನ್ನೂ ಬರೆಯಿರಿ. ಶೇ 70ರ ಪಾಲು ಇರುವುದು ಅಲ್ಲಿ.